ಸೊಳ್ಳೆಯನ್ನು ಹಾಡಿ ಕರೆದ ಬೀರಮ್ಮ

ಬೀರಮ್ಮನ ಮುತ್ತಜ್ಜಿ ಬೋರಮ್ಮ, ಪ್ಲೇಗು ಬಂದು ಜನ ಮನೆಮಠ ಬಿಟ್ಟು ಬಯಲ ಜೋಪಡಿಗಳಲ್ಲಿ ಕೂತಿದ್ದ ಕಾಲದಲ್ಲಿ, ಸತ್ತ ಇಲಿಯನ್ನು ಮುಟ್ಟಬೇಡಿರೆಂದು ಪದ ಕಟ್ಟಿ ಹಾಡುತ್ತ ಜೋಪಡಿಯಿಂದ ಜೋಪಡಿಗೆ ತಿರುಗಿದ ಹೆಂಗಸು. ತಾತ ಹುಚ್ಚಯ್ಯ, ಸಿಡುಬಿನ ಚುಚ್ಚುಮದ್ದಿನವರು ಬಂದರೆಂದು ತಾಯಂದಿರು ಮಕ್ಕಳನ್ನು ಅಟ್ಟ ಹತ್ತಿಸಿ ಅಡಗಿಸುತ್ತಿದ್ದಾಗ, ತಮಟೆ ಬಡಿದು ಜನ ಕೂಡಿಸಿ, ಎಲ್ಲರ ಕಣ್ಣೆದುರು ತನ್ನ ತೋಳನ್ನೇ ಮೊದಲು ಒಡ್ಡಿದ ಗಂಡಸು. ಬೀರಮ್ಮ ಆ ರಕ್ತದವಳು.

ವಿದ್ಯಾರಣ್ಯಪುರದ ನಮ್ಮ ಬೀದಿಯಲ್ಲಿ ಅವಳನ್ನು ಗುರುತಿಸಲಾಗದ ಕಣ್ಣಿಲ್ಲ. ಸೀರೆಯ ಮೇಲೆ ಮದುವೆ ಬ್ಯಾಂಡಿನವರ ಕೆಂಪು ಕೋಟು. ಕ್ಲಾರಿನೆಟ್ ಊದುತ್ತಿದ್ದ ಗಂಡ ಬಿಟ್ಟುಹೋದ ಆಸ್ತಿಯೆಲ್ಲ ಅದೊಂದೇ. ಎಡಭುಜ ಮುಂದೆ, ಮೈ ಹಿಂದೆ, ಗುಂಪಿನಲ್ಲಿ ದಾರಿ ಮಾಡಿಕೊಂಡು ಹೋಗುವವಳ ಹಾಗೆ ಖಾಲಿ ರಸ್ತೆಯಲ್ಲೂ ನಡೆಯುತ್ತಾಳೆ. ನಡೆಯುತ್ತ ಹಾಡು ಹಿಡಿದಳೆಂದರೆ ಮುಗಿಯಿತು, ಹಿಂದೆ ಸಿಟಿ ಬಸ್ಸು ನಿಂತು ಹಾರನ್ ಬಡಿದರೂ ಪಕ್ಕಕ್ಕೆ ಸರಿಯುವವಳಲ್ಲ. ಡ್ರೈವರ್ ರೇಗಿದರೆ, “ನಿನ್ ಬಸ್ಸು ನಿಂತ್ರೆ ಮತ್ತೆ ಹೊಂಟದೆ ಕಣಯ್ಯ, ಪದ ನಿಂತ್ರೆ ಸತ್ತೋಯ್ತದೆ” ಎನ್ನುತ್ತಾಳೆ.

ಈಚಿನ ಒಂದು ಮಳೆಗಾಲದಲ್ಲಿ ಡೆಂಗಿ ಜ್ವರ ಬಡಾವಣೆಗೆ ಕಾಲಿಟ್ಟಿತು. ಆಶಾ ಕಾರ್ಯಕರ್ತೆ ಮಂಜುಶ್ರೀ ಮನೆಮನೆಗೆ ಹಂಚಿದ ತಿಳಿವಳಿಕೆಯ ಚೀಟಿಗಳು ಬೋಂಡದ ಎಣ್ಣೆ ಹೀರುವುದಕ್ಕೆ ಒದಗಿದವು. ಬೇಸತ್ತ ಹುಡುಗಿ ಬೀರಮ್ಮನ ಜಗಲಿಗೆ ಬಂದು, ಸೊಳ್ಳೆಯ ಮೇಲೊಂದು ಪದ ಕಟ್ಟಿಕೊಡಿ ಅಜ್ಜಿ ಎಂದಳು.

“ಕಟ್ಟಾನ. ಅದ್ರ ತೌರು ಯಾವ್ದು, ತೊಡೋದೇನು, ಉಣ್ಣೋದೇನು? ಗುರುತು ಪರಿಚಯ ಇಲ್ದೋರ ಮೇಲೆ ಎಂಗೆ ಹಾಡ್ಲಿ?”

ಮಂಜುಶ್ರೀ ಹೂಕುಂಡದ ತಟ್ಟೆಯ ನೀರನ್ನು ಗಾಜಿನ ಲೋಟಕ್ಕೆ ಬಗ್ಗಿಸಿ ಎದುರಿಗಿಟ್ಟಳು. ಬೀರಮ್ಮ ಊಟ ಮರೆತು ಸಂಜೆಯ ತನಕ ಆ ಲೋಟದ ಮುಂದೆ ಕೂತಳು. ಕೂದಲೆಳೆಯಂಥ ಮರಿಹುಳುಗಳು ತಲೆಕೆಳಗಾಗಿ ತೂಗಿಕೊಂಡು ಬಾಲದಿಂದ ಉಸಿರೆಳೆಯುವುದನ್ನು ಕಂಡು ಅವಳಿಗೆ ಸಿಟ್ಟು ಬರಲಿಲ್ಲ, ಬೆರಗಾಯಿತು. “ಏನ್ ಕಸುಬುದಾರ್ತಿ ಕಣಮ್ಮ ಇವ್ಳು!” ಎಂದಳು.

ಆದರೆ ಆ ಮನೆತನಕ್ಕೆ ಗೊತ್ತಿದ್ದದ್ದು ಒಂದೇ ಅಚ್ಚು, ಮಾರಿಪದದ್ದು. ಒಂದು ಮಂಗಳವಾರ ಕರೆಯುವ ಪದ. ರೋಗದ ರೂಪ, ಗುಣ, ಒಡವೆಗಳನ್ನೆಲ್ಲ ಬಣ್ಣಿಸಿ ಬಾರಮ್ಮ ಎನ್ನುವುದು. ಮುಂದಿನ ಮಂಗಳವಾರ ಕಳಿಸುವ ಪದ. ಬಂದ ದಾರಿ ಹಿಡಿಯೆಂದು ಗದರುವುದು. ನಡುವಿನ ದಿನಗಳು ಮಾರಿ ಊರಲ್ಲಿ ಉಳಿಯುವ ದಿನಗಳು. ಆಗ ಕಳಿಸುವ ಮಾತೆತ್ತುವುದು ದೊಡ್ಡ ಅಪಚಾರ. ನೀರು ಚೆಲ್ಲಿ, ತೊಟ್ಟಿ ಉಜ್ಜಿ ಎಂಬ ಬುದ್ಧಿಮಾತನ್ನೆಲ್ಲ ಬೀರಮ್ಮ ಎರಡನೆಯ ಪದಕ್ಕೆ ಕಾದಿರಿಸಿದ್ದಳು.

ಮೊದಲ ಮಂಗಳವಾರ ಮಾರಮ್ಮನ ಗುಡಿಯ ಮುಂದೆ, ಬಿಳಿಪಟ್ಟೆಯ ಕಾಲ್ಗೆಜ್ಜೆ ತೊಟ್ಟು ಹಾಡುಹಗಲೇ ಬರುವವಳನ್ನು, ತಿಳಿನೀರೇ ತೌರಾದವಳನ್ನು ಬೀರಮ್ಮ ಹಾಡಿ ಕರೆದ ಸೊಗಸಿಗೆ ಹೆಂಗಸರು ತಲೆದೂಗಿದರು. ತಲೆದೂಗಿ ಮನೆಗೆ ಹೋಗಿ, ಕರೆಯುವ ಪದ ಕೇಳಿದ ಮೇಲೆ ಅಜ್ಜಿಯರ ಕಾಲದಿಂದ ಮಾಡಿಕೊಂಡು ಬಂದದ್ದನ್ನೇ ಮಾಡಿದರು: ಹೊಸ್ತಿಲ ಪಕ್ಕ ತಂಬಿಗೆಯ ತುಂಬ ತಿಳಿನೀರಿಟ್ಟು, ಬೇವಿನೆಲೆ ಸಿಕ್ಕಿಸಿದರು. ಅರಮನೆ ಸೇವೆಯಲ್ಲಿದ್ದ ಮನೆತನದ ನಾಗಮಣಿಯವರು ಬೆಳ್ಳಿ ಚೊಂಬನ್ನೇ ಹೊರಗಿಟ್ಟರು.

ಭಾನುವಾರ ಬೆಳಿಗ್ಗೆ ಮಂಜುಶ್ರೀ ಓಡಿಬಂದಳು. “ಏನ್ ಮಾಡ್ಬುಟ್ರಿ ಅಜ್ಜಿ! ಬಾಗ್ಲು ಬಾಗ್ಲಲ್ಲೂ ಮರಿಹುಳ ಕುಣೀತಾವೆ. ಮಂಗ್ಳವಾರದ ಹೊತ್ಗೆ ರೆಕ್ಕೆ ಬಂದ್ಬುಡ್ತವೆ.”

“ಚೆಲ್ಲು ಅನ್ನು.”

“ಅಂದೆ. ಕರ್ದೋಳು ಬೀರಮ್ಮ, ಕಳ್ಸೋಳೂ ಅವ್ಳೇ, ನೀನ್ಯಾವ್ಳೇ ಅಂದ್ರು. ನಾಗಮಣಿಯಮ್ಮೋರಂತೂ ಚೊಂಬಿಗೆ ಅಡ್ಡ ನಿಂತ್ಬುಟ್ರು.”

ಹೊತ್ತಿಗೆ ಮುಂಚೆ ಕಳಿಸುವ ಪದ ಎತ್ತಿದವರು ಬೀರಮ್ಮನ ವಂಶದಲ್ಲಿ ಯಾರೂ ಇರಲಿಲ್ಲ. ಮಂಗಳವಾರದ ತನಕ ಕಾದರೆ ಹಿರಿಯರ ಕಟ್ಟಳೆ ಉಳಿಯುತ್ತಿತ್ತು, ಬೀದಿಯ ಮಕ್ಕಳು ಜ್ವರ ಹೊದ್ದು ಮಲಗುತ್ತಿದ್ದವು. ಗುಡಿಯ ಕಡೆ ತಿರುಗಿ, “ನನ್ ನಾಲ್ಗೆ ಬೇಕಾದ್ರೆ ತಕ್ಕೋ ತಾಯಿ, ಕೂಸ್ಗಳ ತಂಟೆಗೆ ಬರ್ಬ್ಯಾಡ” ಎಂದು ಕೆನ್ನೆ ಬಡಿದುಕೊಂಡಳು. ಕೋಟು ತೊಟ್ಟು ಹೊರಟಳು. ಮೊದಲು ನಾಗಮಣಿಯವರ ಬಾಗಿಲು. ಕಳಿಸುವ ಪದ ಎತ್ತಿದಳು, ಕೊನೆಯ ಸಾಲಿಗೆ ಬೆಳ್ಳಿ ಚೊಂಬನ್ನು ಬಿಸಿಲಿನ ಮಣ್ಣಿಗೆ ಬೋರಲು ಹಾಕಿದಳು.

“ಭಾನುವಾರವೇ ಕಳಿಸ್ತೀರಾ ಬೀರಮ್ಮ?” ಎಂದರು ನಾಗಮಣಿ, ಗಾಬರಿಯಿಂದ.

“ಅಪಚಾರ ನಂದು ಕಣವ್ವ, ನೀವ್ ಚೊಂಬು ತೊಳ್ದು ಒಳಗಿಡಿ.”

ಬಾಗಿಲಿಂದ ಬಾಗಿಲಿಗೆ ಹಾಡಿ, ಚೆಲ್ಲಿ, ಬೀದಿಯ ತಿರುವು ತಲುಪುವಷ್ಟರಲ್ಲಿ ಗಂಟಲು ಒಡೆದಿತ್ತು. ಮಂಜುಶ್ರೀ ಆರೋಗ್ಯ ಕೇಂದ್ರಕ್ಕೆ ಫೋನು ಮಾಡಿ ಮೈಕಿನ ಆಟೋ ತರಿಸಿದ್ದಳು. ಒಂದು ಸಲ ಹಾಡಿಬಿಡಿ, ರೆಕಾರ್ಡು ಮಾಡಿ ಮಿಕ್ಕ ಬೀದಿಗಳಿಗೆಲ್ಲ ನಾನೇ ಕೇಳಿಸುತ್ತೇನೆ ಎಂದು ಅಂಗಲಾಚಿದಳು.

ಜನಕ್ಕೆ ತಿಳಿವಳಿಕೆ ಹೇಳುವವರು ಬಹಳ ಮಂದಿ; ಹೇಳಿ ಮುಂದಿನ ಊರಿಗೆ ಹೋಗುತ್ತಾರೆ. ಬೀರಮ್ಮನ ಜಾಯಮಾನದವರು ಅದೇ ಬೀದಿಯಲ್ಲಿ ಬಾಳಬೇಕಾದವರು. ಆಡಿದ ಮಾತು ಕೇಳಿದವರ ಮನೆಯಲ್ಲಿ ಏನಾಯಿತೆಂದು ಹೋಗಿ ನೋಡದೆ ಅವರಿಗೆ ತುತ್ತು ಇಳಿಯುವುದಿಲ್ಲ. ತಪ್ಪುವುದೂ ಅವರೇ, ತಿದ್ದುವುದೂ ಅವರೇ.

ಅವಳು ಆಟೋದ ಕಡೆ ತಿರುಗಿಯೂ ನೋಡದೆ ಮುಂದಿನ ಹೊಸ್ತಿಲ ತಂಬಿಗೆಗೆ ಬಗ್ಗಿದಳು.

“ನಿನ್ ಮೈಕು ಬಗ್ಗಿ ನೀರು ಚೆಲ್ತದಾ ಮಗಾ? ಹೋಗು, ಗಾಡಿ ವಾಪಸ್ ಕಳ್ಸು. ನಂಗ್ಯಾರೂ ಬ್ಯಾಡ.”