ಯಾರೂ ಬೈಯದ ಊರಿಗೆ ಬಸ್ಸು

ತಂಗಿ ಅಕ್ಕನ ಡ್ಯೂಟಿ ಕೋಟಿನ ಕಾಲರನ್ನು ಒಳಮಗ್ಗುಲು ಮಾಡಿ, ಒದ್ದೆ ಬಟ್ಟೆ ಹಾಸಿ, ಇಸ್ತ್ರಿಪೆಟ್ಟಿಗೆ ಒತ್ತಿದಾಗ ಉಸ್ಸೆಂದು ಹಬೆ ಎದ್ದಿತು. ಲಾಂಡ್ರಿಯಲ್ಲಿ ಅರ್ಧ ಆಯಸ್ಸು ಸವೆಸಿದ ಕೈ ಅದು. ದುಃಖದಲ್ಲೂ ಸುಕ್ಕು ಬಿಡುತ್ತಿರಲಿಲ್ಲ. ಪಕ್ಕದ ಕೋಣೆಯಲ್ಲಿ ಅಕ್ಕ ಮಲಗಿದ್ದಳು, ಇನ್ನು ಏಳುವಂತಿರಲಿಲ್ಲ. ಬಸ್‌ಸ್ಟ್ಯಾಂಡಿನ ಮೈಕಿನಲ್ಲಿ ಬಸ್ಸುಗಳನ್ನು ಕೂಗಿ ಕೂಗಿ ಊರಿಗೆಲ್ಲ ಪರಿಚಯವಾಗಿದ್ದ ದನಿ ನಿನ್ನೆ ಊಟದ ನಡುವೆ, ಹೃದಯದ ಜೊತೆಗೇ ನಿಂತಿತ್ತು.

"ಆ ಕೋಟು ಬೇಡಮ್ಮ," ಎಂದರು ಬಾಗಿಲಲ್ಲಿ ನಿಂತ ಭಾವ. "ಸ್ಟ್ಯಾಂಡಿನವರೆಲ್ಲ ಬರ್ತಾರೆ. ನೋಡಿದ್ರೆ ಹಳೇದೆಲ್ಲ ನೆನಪಾಗತ್ತೆ."

"ಆಗ್ಲಿ ಬಿಡಿ ಭಾವ. ಹಾಕ್ಸು ಅಂದಿದ್ದು ಅವಳೇ."

"ಅವಳು ಏನೇನೋ ಅಂದಿದ್ಲು."

"ಹೌದು. ಕಾಗದ ಅಂಚೆಗೆ ಹಾಕಿ ಅಂತಾನೂ ಅಂದಿದ್ಲು."

ಭಾವ ಬಾಗಿಲಿನಿಂದ ಸರಿದು ಹೋದರು.

ಹಿಂದೆ ಅಕ್ಕನನ್ನು ಉಳಿಸಿದ್ದ ಡಾಕ್ಟರಮ್ಮ ಈಗ ಎಳೆಯ ಡಾಕ್ಟರುಗಳಿಗೆ ಪಾಠ ಹೇಳುತ್ತಿದ್ದರು. ನಿಮ್ಮ ಕತೆ ಹೇಳಲೇ ಎಂದು ಅವರು ಕೇಳಿದ್ದಕ್ಕೆ ಅಕ್ಕ ಬರೆದ ಉತ್ತರ ಆ ಕಾಗದ. 'ಹೇಳಿ. ಹೆಸರಿಟ್ಟೇ ಹೇಳಿ.' ಅಂಚೆಗೆ ಹಾಕಲು ಗಂಡನ ಕೈಗೆ ಕೊಟ್ಟಿದ್ದಳು. ಮಗಳ ಮದುವೆ ಆಗಲಿ ಎಂದರು ಭಾವ. ಆಯಿತು. ಒಂದು ಮಗು ಆಗಲಿ ಎಂದರು. ಆ ಮಗುವಿಗೂ ಈಗ ಹಾಲುಹಲ್ಲು ಬೀಳುತ್ತಿತ್ತು. ನಾನೇ ಹಾಕ್ತೀನಿ ಎಂದು ತಂಗಿ ಹೊರಟರೆ ಅಕ್ಕ ಬಿಡಲಿಲ್ಲ. "ಬೇಡ ಕಣೇ. ನಾಚಿಕೆ ಇರೋದು ಅವರಿಗೆ. ಅವರೇ ಹಾಕ್ಬೇಕು."

*

ಮಗಳಿನ್ನೂ ಚಿಕ್ಕವಳಿದ್ದ ಆ ವರ್ಷ ಅಕ್ಕನಿಗೆ ವಾರವಿಡೀ ಜ್ವರ, ತಲೆನೋವು. ಜ್ವರ ಬಿಟ್ಟಿತು, ಅಕ್ಕ ಮಾತ್ರ ವಾಪಸು ಬರಲಿಲ್ಲ. ನಿದ್ದೆ ಹಾರಿಹೋಯಿತು. ಗಂಡನನ್ನು "ನೀವ್ಯಾರು?" ಎಂದಳು. ಮೈಕು ತನ್ನನ್ನು ಬೈಯುತ್ತಿದೆ ಎಂದು ಅದಕ್ಕೆ ಟವೆಲು ಸುತ್ತಿದಳು. ಕೊನೆಗೆ ಹುಚ್ಚಾಸ್ಪತ್ರೆಗೆ ಸೇರಿಸಿದ್ದಾಯಿತು. ಕೇಳಿದವರಿಗೆಲ್ಲ ಭಾವ "ತವರಿಗೆ ಹೋಗಿದ್ದಾಳೆ" ಎನ್ನುತ್ತಿದ್ದರು, ತವರಿನವಳಾದ ತಂಗಿ ಪಕ್ಕದಲ್ಲೇ ನಿಂತಿದ್ದರೂ.

ಆಸ್ಪತ್ರೆಗೆ ಹೊಸದಾಗಿ ಬಂದಿದ್ದ ಆ ಡಾಕ್ಟರಮ್ಮ, ಅಕ್ಕನ ಬಾಯಿ ಏನನ್ನೋ ಜಗಿಯುವಂತೆ ಸುಮ್ಮನೆ ಆಡುತ್ತಿದ್ದುದನ್ನು ಬಹಳ ಹೊತ್ತು ನೋಡುತ್ತ ಕೂತರು.

"ಇದಕ್ಕೆ ಮುಂಚೆ ಜ್ವರ ಬಂದಿತ್ತಾ?"

"ಬಂದಿತ್ತು ಡಾಕ್ಟ್ರೇ. ಯಾರೂ ಕೇಳ್ಲೇ ಇಲ್ಲ," ಎಂದಳು ತಂಗಿ.

ಬೆನ್ನುಹುರಿಯ ನೀರು ತೆಗೆದು ಪರೀಕ್ಷೆಗೆ ಕಳಿಸಿದರು. "ಮೆದುಳಿಗೆ ಉರಿಯೂತ ಆಗಿದೆ," ಎಂದರು. "ಸೋಂಕಿನ ಮೇಲೆ ಎದ್ದ ಮೈಯ ಕಾವಲು, ಸೋಂಕು ಹೋದ್ಮೇಲೂ ಸುಮ್ಮನಾಗಿಲ್ಲ. ಮೆದುಳಿನ ಮೇಲೇ ಬಿದ್ದಿದೆ. ಮನಸ್ಸು ಕೆಟ್ಟೋರಿಗೆಲ್ಲ ಹೀಗೇ ಆಗಿರತ್ತೆ ಅಂತಲ್ಲಮ್ಮ. ಹೀಗೂ ಇರಬಹುದು ಅಂತ ಹುಡುಕ್ಬೇಕಷ್ಟೆ."

ಉರಿಯೂತ ಇಳಿಸುವ ಔಷಧಿ ನರಕ್ಕೆ ಏರಿಸಿದರು. ತಿಂಗಳುಗಟ್ಟಲೆ ಹಿಡಿಯಿತು. ಒಂದು ಬೆಳಗ್ಗೆ ಅಕ್ಕ ತಂಗಿಯನ್ನು ಮೇಲಿಂದ ಕೆಳಗೆ ನೋಡಿ, "ಲಾಂಡ್ರಿಯವಳಾಗಿ ಇದೇನೇ ಬಟ್ಟೆ ಇಷ್ಟು ಸುಕ್ಕು!" ಎಂದಳು. ತಂಗಿ ವಾರ್ಡಿಗೆಲ್ಲ ಕೇಳುವಂತೆ ನಕ್ಕು, ಅಲ್ಲೇ ಕೂತು ಅತ್ತಳು.

*

ಕೋಟು ತೊಡಿಸಿ ಹಜಾರಕ್ಕೆ ತಂದಾಗ ಡ್ರೈವರುಗಳು, ಕಂಡಕ್ಟರುಗಳು ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು. ಎಲ್ಲರೂ 'ಸೀಟಿ' ಎಂದು ಕರೆಯುವ ಮುದಿ ಕಂಡಕ್ಟರ್ ಕಣ್ಣೊರೆಸಿಕೊಂಡ.

"ಈ ಕೋಟಲ್ಲೇ ಅಲ್ವಾ ಆ ಬಸ್ಸು ಕೂಗಿದ್ದು!"

ಅವನ ಹೆಂಡತಿ ಮೊಣಕೈಯಿಂದ ತಿವಿದಳು. ಭಾವನ ಮುಖ ಕಪ್ಪಿಟ್ಟಿತು.

"ಯಾವ ಬಸ್ಸು ಮಾಮ?" ಎಂದಳು ಅಕ್ಕನ ಮಗಳು.

ಸೀಟಿ ಭಾವನ ಕಡೆ ನೋಡಿ ತಡವರಿಸಿದ. "ಹೇಳಣ್ಣ," ಎಂದಳು ತಂಗಿ.

"ನಿಮ್ಮಮ್ಮಂಗೆ ಹುಷಾರು ತಪ್ಪಿದ ಹೊಸತು. 'ಯಾರೂ ಬೈಯದ ಊರಿಗೆ ಹೋಗುವ ಬಸ್ಸು ಇನ್ನು ಸ್ವಲ್ಪ ಹೊತ್ತಿನಲ್ಲಿ ಹೊರಡಲಿದೆ' ಅಂತ ಮೈಕಲ್ಲಿ ಕೂಗಿಬಿಟ್ರು. ಎಷ್ಟು ನೀಟಾಗಿ ಹೇಳಿದ್ರು ಅಂದ್ರೆ, ಜನ ಕ್ಯೂ ನಿಂತ್ಬಿಟ್ರಮ್ಮ! ಕಂಡಕ್ಟರು ನಾನು, ನಾನೂ ನಿಂತೆ!"

"ನೀವ್ಯಾಕೆ?"

"ಅವತ್ತು ಮೇಲಿನೋರು ಚೆನ್ನಾಗಿ ಉಗಿದಿದ್ರು. ಕ್ಯೂನಲ್ಲಿ ನನ್ನ ಮುಂದೆ ಇವಳು. 'ಬಸ್ಸು ಎಷ್ಟೊತ್ತಿಗ್ರೀ' ಅಂದ್ಲು. ಇಬ್ಬರೂ ಇನ್ನೂ ಕಾಯ್ತಿದೀವಿ."

"ಬೈಯದ ಊರು ಅಂತ ನಂಬಿ ಇವರನ್ನ ಕಟ್ಕೊಂಡೆ," ಎಂದಳು ಹೆಂಡತಿ. "ದಿನಾ ಬೈಯೋ ಕೆಲಸ ನಂದೇ ಆಯ್ತು."

ಹಜಾರದಲ್ಲಿ ನಗು ತಡೆಯಲಾಗದೆ ಹೊಮ್ಮಿತು. ಭಾವ ನಗಲಿಲ್ಲ.

"ಅವಳನ್ನ ನೋಡಿ ಆಡ್ಕೊಳ್ಲಿಲ್ವಾ ಯಾರೂ?" ಎಂದರು.

"ಆಡ್ಕೊಂಡೋರೂ ಇದ್ರು, ಸುಳ್ಳು ಯಾಕೆ," ಎಂದ ಸೀಟಿ. "ಆದ್ರೆ ಹುಷಾರಾಗಿ ವಾಪಸು ಬಂದು ಮೊದಲ್ನೇ ಬಸ್ಸು ಕೂಗಿದ್ರಲ್ಲ, ಆ ದನಿ ಕೇಳಿ ಇಡೀ ಸ್ಟ್ಯಾಂಡು ಚಪ್ಪಾಳೆ ಹೊಡೀತು ಸ್ವಾಮಿ. ಅವರು ಕಿಟಕಿಯಿಂದ ನಿಮ್ಮನ್ನೇ ಹುಡುಕ್ತಿದ್ರು. ನೀವು ಬಂದಿರ್ಲಿಲ್ಲ."

ಭಾವ ಅಕ್ಕನ ಮುಖವನ್ನು ನೋಡಿದರು. ಕಾಲರನ್ನೊಮ್ಮೆ ಸವರಿದರು. ಆಮೇಲೆ ಎದ್ದು ಒಳಗೆ ಹೋದರು.

*

ಅಕ್ಕನನ್ನು ಹೊತ್ತ ವ್ಯಾನು ಬಸ್‌ಸ್ಟ್ಯಾಂಡಿನ ಮುಂದೆ ಬಂದಾಗ, "ನಿಲ್ಸಪ್ಪ," ಎಂದರು ಭಾವ. ತಂಗಿ ಇಳಿಯಹೋದಳು.

"ನೀನು ಕೂತ್ಕೋಮ್ಮ, ಅವಳ ಹತ್ರ. ಇದು ನನ್ ಕೆಲ್ಸ."

ಜೇಬಿನಿಂದ ಅಕ್ಕನ ಕಾಗದದ ಕವರು ತೆಗೆದು, ಅದನ್ನು ಎಲ್ಲರಿಗೂ ಕಾಣುವಂತೆ ಹಿಡಿದುಕೊಂಡು ರಸ್ತೆ ದಾಟಿದರು. ವ್ಯಾನಿನ ಹಿಂದೆ ಬಸ್ಸುಗಳು ಸಾಲುಗಟ್ಟಿದವು. ಅವಸರಕ್ಕೋ ಗೌರವಕ್ಕೋ ಒಬ್ಬ ಡ್ರೈವರ್ ಹಾರ್ನ್ ಒತ್ತಿದ. ಸ್ಟ್ಯಾಂಡಿನೊಳಗಿಂದ ಇನ್ನೊಂದು ಬಸ್ಸು ಓಗೊಟ್ಟಿತು, ಮತ್ತೊಂದು, ಕೊನೆಗೆ ಎಲ್ಲವೂ. ಆ ಗದ್ದಲದ ನಡುವೆ ಭಾವ ಅಂಚೆಡಬ್ಬಿಯ ಬಾಯಿಗೆ ಮಣಿಕಟ್ಟಿನವರೆಗೆ ಕೈ ತೂರಿಸಿ ಕವರು ಬಿಟ್ಟರು. ಅದು ತಳ ಮುಟ್ಟಿದ ಸದ್ದು ಕೇಳಲೇಬೇಕೆಂಬಂತೆ, ಡಬ್ಬಿಗೆ ಕಿವಿಯೊತ್ತಿ ನಿಂತರು.