ಅತ್ತೆಯ ಮೂಗು

ಸಂಜೆ ಆರೂವರೆ. ಒಲೆಯ ಮೇಲೆ ಹಾಲು ತಳಹಿಡಿದು ಹೊಗೆಯಾಡುತ್ತಿತ್ತು. ಅತ್ತ ಬೆನ್ನು ಮಾಡಿ ಕೂತು ತರಕಾರಿ ಹೆಚ್ಚುತ್ತಿದ್ದ ಅತ್ತೆಗೆ ಅದು ಗೊತ್ತೇ ಆಗಲಿಲ್ಲ.

ಓಡಿಬಂದು ಒಲೆ ಆರಿಸಿದ ಅಳಿಯನಿಗೆ ವಿಷಯ ತಿಳಿಯಿತು. ಕಳೆದ ವಾರದ ಜ್ವರ ಅತ್ತೆಯ ಮೂಗನ್ನು ಒಯ್ದಿತ್ತು.

ಅವನು ಲಿಫ್ಟ್ ಮೆಕ್ಯಾನಿಕ್. ಕುಡಿತ ಬಿಟ್ಟು ಎರಡನೇ ವರ್ಷ. ನರ್ಸ್ ಆಗಿದ್ದ ಹೆಂಡತಿ ಸಾಂಕ್ರಾಮಿಕ ಶುರುವಾದಾಗಿನಿಂದ ಆಸ್ಪತ್ರೆಯಲ್ಲೇ ಉಳಿದಿದ್ದಳು. ಕುಡಿತ ಬಿಟ್ಟವರು ವಾರಕ್ಕೊಮ್ಮೆ ಸೇರುತ್ತಿದ್ದ ಶಾಲೆಯ ಕೋಣೆಗೆ ಬೀಗ ಬಿದ್ದಿತ್ತು. ಉಳಿದ ಕಾವಲು ಅತ್ತೆಯದೊಂದೇ. ಕೆಲಸದಿಂದ ಬಂದವನು ಹೊಸ್ತಿಲಲ್ಲಿ ನಿಂತು ಊದಬೇಕು, ಅವರು ಮೂಸಬೇಕು, ಆಮೇಲೆ ಒಳಗೆ. ಮಾಸ್ಕ್ ಬಂದ ಮೇಲೂ ಈ ನಿಯಮ ಸಡಿಲವಾಗಲಿಲ್ಲ. ಮಗಳು ಫೋನಿನಲ್ಲಿ ಬೈದಾಗ, "ಆ ರೋಗಕ್ಕೆ ನೀನಿದ್ದೀಯ, ಈ ರೋಗಕ್ಕೆ ನಾನಿದ್ದೀನಿ" ಎಂದಿದ್ದರು.

ಹಾಲು ಸೀದ ಆ ಸಂಜೆಯೂ ಅವರು ಕಣ್ಣು ಮುಚ್ಚಿ ಮೂಸಿ, "ಸರಿ, ಬನ್ನಿ" ಎಂದಿದ್ದರು.

ಮದ್ಯದಂಗಡಿಗಳು ಮುಚ್ಚಿದ್ದವು. ಆದರೂ ಜೊತೆಗಾರ ಕುಳ್ಳ ಎಲ್ಲಿಂದಲೋ ಕ್ವಾರ್ಟರ್ ಬಾಟಲಿ ತಂದು ಲಿಫ್ಟಿನ ಮೋಟಾರು ಕೋಣೆಯಲ್ಲಿ ಹಂಚುತ್ತಿದ್ದ. ಇವನು ಅದುವರೆಗೆ ಕೊಡುತ್ತಿದ್ದ ಉತ್ತರ ಒಂದೇ: ನಮ್ಮತ್ತೆ ಮೂಗಿನಿಂದ ಇರುವೆಯೂ ತಪ್ಪಿಸಿಕೊಳ್ಳಲ್ಲ. ಮರುದಿನ ಆ ಮಾತು ಬಾಯಿಗೆ ಬರಲಿಲ್ಲ. ಬಾಟಲಿ ಸ್ಪ್ಯಾನರುಗಳ ನಡುವೆ ಚೀಲ ಸೇರಿತು.

ಮನೆಗೆ ಹೋಗುವ ದಾರಿಯಲ್ಲಿ ಖಾಲಿ ಬಸ್ ನಿಲ್ದಾಣದಲ್ಲಿ ಕೂತ. ಚೀಲದ ಜಿಪ್ ತೆರೆದ, ಮುಚ್ಚಿದ, ಮತ್ತೆ ತೆರೆದ. ಸುಳ್ಳು ಹೇಳುವ ಅಗತ್ಯವೂ ಇರಲಿಲ್ಲ. ಎಂದಿನಂತೆ ಊದಿದರೆ ಸಾಕಿತ್ತು. ವಾಸನೆಯೇ ತಿಳಿಯದೆ ಅತ್ತೆ ಎಷ್ಟು ದಿನದಿಂದ "ಸರಿ" ಅನ್ನುತ್ತಿದ್ದರೋ. ಆ ದಿನಗಳಲ್ಲೂ ಅವನು ಕುಡಿದಿರಲಿಲ್ಲ.

ಹೊಸ್ತಿಲಲ್ಲಿ ಅವನು ಊದಲಿಲ್ಲ. ಬಾಟಲಿ ಚಾಚಿದ.

"ಅತ್ತೆ, ನಿಮಗೆ ವಾಸನೆ ಬರ್ತಿಲ್ಲ. ನನಗೆ ಗೊತ್ತು."

ಅವರು ಮುಚ್ಚಳದ ಸೀಲನ್ನು ಉಗುರಿನಿಂದ ತಡವಿ ನೋಡಿದರು. ಒಡೆದಿರಲಿಲ್ಲ.

"ಹೇಳಿದ್ರೆ ಬೆಕ್ಕಿನ ಮುಂದೆ ಹಾಲಿಟ್ಟ ಹಾಗಾಗುತ್ತೆ ಅಂತ ಸುಮ್ನಿದ್ದೆ."

"ಬೆಕ್ಕೇ ಬಂದು ಹೇಳ್ತಿದೆ. ಇವತ್ತು ಒಬ್ನೇ ಇದ್ರೆ ನನ್ನ ಕೈಲಿ ಆಗಲ್ಲ."

"ಮತ್ತೆ ಅಲ್ಲೇ ಯಾಕೆ ನಿಂತಿದ್ದೀರಿ ಅಳಿಯಂದ್ರೇ, ಒಳಗೆ ಬನ್ನಿ."

ಬಾಟಲಿಯನ್ನು ಬಚ್ಚಲಿಗೆ ಸುರಿದವರು ಅತ್ತೆ. ಕುಡಿತ ಬಿಟ್ಟವರ ಗುಂಪಿನ ಹಿರಿಯ, ನಿವೃತ್ತ ಬಸ್ ಡ್ರೈವರ್, ಅಂದು ಫೋನಿನಲ್ಲಿ ಊಟದ ಹೊತ್ತಿನವರೆಗೂ ಅವನೊಂದಿಗೆ ಮಾತಾಡಿದರು. ಮುಂದಿನ ವಾರದಿಂದ ಇಡೀ ಗುಂಪು ಫೋನಿನಲ್ಲೇ ಸೇರತೊಡಗಿತು.

ಅತ್ತೆಗೆ ವಾಸನೆ ಮರಳಿದ್ದು ಮೂರು ತಿಂಗಳ ಮೇಲೆ. ಅಲ್ಲಿಯವರೆಗೂ ಪ್ರತಿ ಸಂಜೆ ಅವನು ಊದಿದ, ಅವರು ಮೂಸಿದರು.