ಬಿಚ್ಚಿ ನೋಡಬಾರದ ಕಟ್ಟು

ಶೈಲಜಮ್ಮನವರ ಕೈ ಸುಮ್ಮನಿರುವ ಜಾತಿಯದಲ್ಲ. ಅನ್ನಕ್ಕಿಟ್ಟರೆ ನಾಲ್ಕು ಸಲ ಮುಚ್ಚಳ ತೆಗೆದು ನೋಡಬೇಕು. "ನೀನು ನೆಟ್ಟ ಬೀಜ ಮೊಳೆಯೋದಾದ್ರೂ ಹೇಗೆ? ದಿನಾ ಕೆದಕಿ ನೋಡ್ತೀಯಲ್ಲ!" ಎಂದು ಗಂಡ ನಾಗಭೂಷಣ್ ಮೂವತ್ತು ವರ್ಷದಿಂದ ರೇಗಿಸುತ್ತಲೇ ಬಂದಿದ್ದರು.

ಬಳೇಪೇಟೆಯ ಅವರ ಬಳೆ ಅಂಗಡಿಗೆ ಮಗಳು ಸಾನ್ವಿ ಹೋದ ತಿಂಗಳು ಒಂದು ಪೊಟ್ಟಣ ತಂದಿಟ್ಟಿದ್ದಳು. ಆಫೀಸಿನ ಪ್ರಥಮ ಚಿಕಿತ್ಸೆ ತರಬೇತಿಯಲ್ಲಿ ಕೊಟ್ಟ ಪ್ರೆಶರ್ ಬ್ಯಾಂಡೇಜ್ ಅದು: ದಪ್ಪನೆಯ ಮೆತ್ತೆ, ಅದಕ್ಕೆ ಹೊಲಿದ ಉದ್ದನೆಯ ಎಲಾಸ್ಟಿಕ್ ಪಟ್ಟಿ.

"ಅಂಗಡಿ ತುಂಬ ಗಾಜು ಇಟ್ಕೊಂಡಿದೀರ. ರಕ್ತ ಜಾಸ್ತಿ ಬಂದ್ರೆ ಇದನ್ನ ಗಾಯದ ಮೇಲಿಟ್ಟು ಬಿಗಿಯಾಗಿ ಸುತ್ತಿ. ಆಸ್ಪತ್ರೆ ಸೇರೋತನಕ ಬಿಚ್ಚಿ ನೋಡಬಾರ್ದು. ಅಮ್ಮಾ, ನಿನಗೇ ಹೇಳ್ತಿರೋದು."

"ಬಿಡ್ತು ಅನ್ನು!" ಎಂದು ಗದರಿ, ಶೈಲಜಮ್ಮ ಆ ಅಪಶಕುನವನ್ನು ಗಲ್ಲಾದ ಕೆಳಗೆ ತುರುಕಿದ್ದರು.

ಮಂಗಳವಾರ ಮಧ್ಯಾಹ್ನ ನಾಗಭೂಷಣ್ ಒರೆಸಲೆಂದು ಶೋಕೇಸಿನ ಗಾಜಿನ ಹಲಗೆಯನ್ನು ಹೊರಗೆಳೆದರು. ಅದು ಜಾರಿತು. ಹಿಡಿಯಲು ಹೋದರು, ಹಿಡಿಯಬಾರದಿತ್ತು. ಒಡೆದ ಅಂಚು ಮುಂಗೈಯನ್ನು ಉದ್ದಕ್ಕೆ ಸೀಳಿತು. ರಕ್ತ ಚಿಮ್ಮಿ ಹಸಿರು ಬಳೆಗಳ ಮೇಲೆಲ್ಲ ಬಿತ್ತು.

ಎದುರಂಗಡಿಯ ಸಿದ್ದಬಸಪ್ಪ ಕಾಫಿ ಪುಡಿ ಡಬ್ಬಿ ಹಿಡಿದೇ ಓಡಿಬಂದರು. "ಒಂದು ಹಿಡಿ ಮೆತ್ತಿ ಶೈಲಜಮ್ಮ, ನಿಂತೋಗುತ್ತೆ!"

"ತರಚಿದ ಗಾಯ ಅಲ್ಲ ಸ್ವಾಮಿ ಇದು! ನೀವು ಮೊದಲು ಆಟೋ ತನ್ನಿ!"

ಶೈಲಜಮ್ಮ ಗಲ್ಲಾದ ಕೆಳಗಿದ್ದ ಪೊಟ್ಟಣವನ್ನು ಎಳೆದು ಹಲ್ಲಿನಿಂದ ಹರಿದು, ಮೆತ್ತೆ ಇಟ್ಟು, ಪಟ್ಟಿಯನ್ನು ಸುತ್ತಿ ಸುತ್ತಿ ಬಿಗಿದರು. ರಕ್ತ ನಿಂತಂತೆ ಕಂಡಿತು. ನಿಜವಾಗಿಯೂ ನಿಂತಿತೇ? ಒಳಗೊಳಗೇ ಹರಿಯುತ್ತಿದ್ದರೆ? ಹುಟ್ಟುಗುಣ ಸುಟ್ಟರೂ ಹೋಗದು. ಆಟೋ ಬರುವಷ್ಟರಲ್ಲಿ ಒಂದೇ ಒಂದು ಸುತ್ತು ಸಡಿಲಿಸಿ, ಮೆತ್ತೆಯ ಅಂಚನ್ನು ಎತ್ತಿ ಇಣುಕಿದರು.

ಬಿಸಿ ರಕ್ತ ಬೆರಳುಗಳ ಸಂದಿಯಿಂದ ಉಕ್ಕಿ ಬಂತು. ನಾಗಭೂಷಣ್ ಮುಖ ಸುಣ್ಣದಂತಾಯಿತು.

ಮತ್ತೆ ಮೆತ್ತೆ ಒತ್ತಿದರು, ಮೊದಲಿಗಿಂತ ಬಿಗಿಯಾಗಿ ಸುತ್ತಿದರು. ತಮ್ಮ ಕೈಯನ್ನೇ ಕತ್ತರಿಸಿ ಎಸೆಯುವಷ್ಟು ಸಿಟ್ಟು ಬಂತು ಶೈಲಜಮ್ಮನವರಿಗೆ. ಈ ಪಾಪಿ ಕೈಯಿಂದಲೇ ಗಂಡನನ್ನು ಕಳೆದುಕೊಳ್ಳುತ್ತೇನೇನೋ ಎಂದು ಎದೆ ಹೊಡೆದುಕೊಂಡಿತು.

ಆಟೋ ಹತ್ತು ಹೆಜ್ಜೆ ಹೋಗಿ ಒಂದು ತಳ್ಳುಗಾಡಿಯ ಹಿಂದೆ ನಿಂತಿತು. ಮುಂದೆ ಚಾಲಕನ ಪಕ್ಕ ಕೂತಿದ್ದ ಸಿದ್ದಬಸಪ್ಪ ಕತ್ತು ಹೊರಹಾಕಿ ಕೂಗಾಡುತ್ತಿದ್ದರು. ಶೈಲಜಮ್ಮ ಎರಡೂ ಅಂಗೈಗಳನ್ನು ಕಟ್ಟಿನ ಮೇಲೆ ಒತ್ತಿ ಕೂತಿದ್ದರು. ಬೆರಳುಗಳು ತುಡಿಯುತ್ತಿದ್ದವು. ಪಟ್ಟಿಯ ಮೇಲೊಂದು ಕೆಂಪು ಕಲೆ. ಆಗ ಇಷ್ಟೇ ಇತ್ತೇ, ದೊಡ್ಡದಾಯಿತೇ? ಒಂದು ಸಲ, ಒಂದೇ ಸಲ ನೋಡಿಬಿಟ್ಟರೆ ಜೀವಕ್ಕೆ ನೆಮ್ಮದಿ. ಅವರು ಇನ್ನೂ ಗಟ್ಟಿಯಾಗಿ ಒತ್ತಿದರು.

"ಶೈಲಾ..." ನಾಗಭೂಷಣ್ ದನಿ ಇಳಿದುಹೋಗಿತ್ತು. "ಒಂಚೂರು ತೆಗೆದು ನೋಡೇ. ನಿಂತಿದ್ಯಾ?"

ಮೂವತ್ತು ವರ್ಷದಲ್ಲಿ ಮೊದಲ ಬಾರಿಗೆ ಅವರು ನೋಡು ಎಂದದ್ದು.

"ನೋಡಲ್ಲ ಕಣ್ರೀ. ಅನ್ನ ಇನ್ನೂ ಬೇಯ್ತಿದೆ," ಎಂದರು ಶೈಲಜಮ್ಮ. ಕಣ್ಣೀರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು. ಒರೆಸಿಕೊಳ್ಳಲು ಕೈ ತೆಗೆಯಲಿಲ್ಲ.

ಆಸ್ಪತ್ರೆಯಲ್ಲಿ ನರ್ಸ್ ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ಡಾಕ್ಟರು ಕಟ್ಟು ಬಿಚ್ಚಿ, ಗಾಯದ ಮೇಲೆ ಬಾಗಿದರು.

"ರಕ್ತ ಹಿಡಿತಕ್ಕೆ ಬಂದಿದೆ, ಹೊಲಿಗೆ ಹಾಕಿದ್ರೆ ಸಾಕು. ಹೆದರ್ಕೋಬೇಡಿ, ಬೇಕಾದ್ರೆ ಬಂದು ನೋಡಿ ಅಮ್ಮಾ."

"ನೀವೇ ನೋಡಿ," ಎಂದು ಶೈಲಜಮ್ಮ ಗೋಡೆಯ ಕಡೆ ತಿರುಗಿ ನಿಂತರು.